ಕಡಲ ಬಸವನಹುಳುವಿನ ಸಾರ: ಸಾಧ್ಯತೆಗೂ ಸರಕಿಗೂ ನಡುವಣ ಲೆಕ್ಕ

ಮಂಡಿನೋವು, ಸಂಧಿವಾತ, ಬೆನ್ನುನೋವುಗಳಿಗೆ ನೈಸರ್ಗಿಕ ಮೂಲದ ಪರಿಹಾರವನ್ನು ಕೇಳಿಕೊಂಡು ಬರುವ ಗ್ರಾಹಕರು ಹೆಚ್ಚುತ್ತಿರುವುದನ್ನು ನಮ್ಮ ವರ್ತಕ ಬಂಧುಗಳು ಚೆನ್ನಾಗಿ ಬಲ್ಲರು. ಅರಿಶಿನ, ಶಲ್ಲಕಿ, ಅಶ್ವಗಂಧಗಳ ಸಾರಗಳು ಔಷಧ ಅಂಗಡಿಗಳ ಮುಂಸಾಲಿನಲ್ಲಿ ಸ್ಥಾನ ಪಡೆದು ಬಹಳ ಕಾಲವಾಯಿತು. ಈಗ ಆ ಸಾಲಿಗೆ ಕಡಲ ಜೀವಿಗಳ ಸಾರಗಳೂ ಸೇರತೊಡಗಿವೆ. ಇವುಗಳಲ್ಲಿ ವಿಜ್ಞಾನಿಗಳ ಆಸಕ್ತಿಯನ್ನು ವಿಶೇಷವಾಗಿ ಸೆಳೆದಿರುವುದು ಸಮುದ್ರದ ಬಸವನಹುಳು, ಅಂದರೆ ಶಂಖ ಮತ್ತು ಕವಡೆಗಳ ಕುಲಕ್ಕೆ ಸೇರಿದ ಮೃದ್ವಂಗಿಗಳು.

ಪಿಲ್ಲಗುಂಪೆಯಂತಹ ಒಳನಾಡಿನ ಕೈಗಾರಿಕಾ ಪ್ರದೇಶಕ್ಕೂ ಕಡಲ ಬಸವನಹುಳುವಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಒಣಗಿಸುವುದು, ಪುಡಿ ಮಾಡುವುದು, ದ್ರಾವಕದಿಂದ ಸಾರ ತೆಗೆಯುವುದು, ಕ್ಯಾಪ್ಸೂಲ್ ತುಂಬುವುದು, ಪೊಟ್ಟಣ ಕಟ್ಟುವುದು, ಇವೆಲ್ಲ ಬೆಂಗಳೂರು ಸುತ್ತಮುತ್ತಲಿನ ಸಣ್ಣ ಘಟಕಗಳು ಅನೇಕ ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಆದ್ದರಿಂದ ಹೊಸ ನೈಸರ್ಗಿಕ ಸಾರದ ಸುದ್ದಿ ಬಂದೊಡನೆ ಅದರ ಪ್ರಸ್ತಾವವೂ ಅವರ ಬಾಗಿಲಿಗೆ ಬರುತ್ತದೆ. ಅಂತಹ ಪ್ರಸ್ತಾವವನ್ನು ಹೇಗೆ ಓದಬೇಕು, ಎಲ್ಲಿ ಲಾಭವಿದೆ, ಎಲ್ಲಿ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ತಂದ ಬಂಡವಾಳ ಮುಳುಗುವ ಭಯವಿದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬಸವನಹುಳುವಿನಲ್ಲಿ ಅಡಗಿರುವುದೇನು?

ಉರಿಯೂತವೆಂಬುದು ಮೂಲತಃ ಶರೀರದ ರಕ್ಷಣಾ ಕ್ರಿಯೆ. ಗಾಯವಾದಾಗ ಅಥವಾ ರೋಗಾಣು ಪ್ರವೇಶಿಸಿದಾಗ ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಕಾರ್ಯ ಮುಗಿದ ಮೇಲೆ ಈ ಕ್ರಿಯೆ ಶಮನವಾಗಬೇಕು. ಶಮನವಾಗದೆ ಮುಂದುವರಿದರೆ ಅದು ಕೀಲುಗಳ ಸವೆತ, ಕರುಳಿನ ವ್ಯಾಧಿ ಮುಂತಾದ ದೀರ್ಘಕಾಲದ ತೊಂದರೆಗಳಿಗೆ ದಾರಿಯಾಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆದು ಊತವನ್ನು ಇಳಿಸುತ್ತವೆ. ಆದರೆ ಬಹುಕಾಲ ಸೇವಿಸಿದರೆ ಜಠರದಲ್ಲಿ ಹುಣ್ಣಾಗುವ ಸಂಭವವಿದೆ. ಸೌಮ್ಯವಾದ ಬೇರೆ ಪದಾರ್ಥಕ್ಕಾಗಿ ಶೋಧ ನಡೆಯುತ್ತಿರುವುದು ಈ ಕಾರಣದಿಂದಲೇ.

ಮ್ಯೂರಿಸಿಡೇ ಎಂಬ ಕುಟುಂಬದ ಬಸವನಹುಳುಗಳು ಒಂದು ವಿಶೇಷ ಗ್ರಂಥಿಯಲ್ಲಿ ಬ್ರೋಮಿನ್ ಬೆರೆತ ಇಂಡೋಲ್ ಎಂಬ ಸಂಯುಕ್ತಗಳನ್ನು ತಯಾರಿಸುತ್ತವೆ. ಪ್ರಾಚೀನ ಮೆಡಿಟರೇನಿಯನ್ ತೀರದಲ್ಲಿ ರಾಜವಸ್ತ್ರಗಳಿಗೆ ಬಳಸುತ್ತಿದ್ದ ಟೈರಿಯನ್ ನೇರಳೆ ಬಣ್ಣ ಈ ಗ್ರಂಥಿಯಿಂದಲೇ ಬಂದದ್ದು. ಬಣ್ಣವಾಗುವುದಕ್ಕೆ ಮುಂಚಿನ ಹಂತದಲ್ಲಿರುವ ಸಂಯುಕ್ತಗಳಿಗೆ ಉರಿಯೂತವನ್ನು ತಗ್ಗಿಸುವ ಗುಣವಿದೆಯೆಂದು ಆಸ್ಟ್ರೇಲಿಯಾದ ಸದರ್ನ್ ಕ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು ಡೈಕ್ಯಾಥೈಸ್ ಆರ್ಬಿಟಾ ಎಂಬ ಬಸವನಹುಳುವನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಜೀವಕೋಶಗಳ ಮೇಲಿನ ಪ್ರಯೋಗದಲ್ಲಿ ನೈಟ್ರಿಕ್ ಆಕ್ಸೈಡ್ ಮುಂತಾದ ಉರಿಯೂತ ಸೂಚಕಗಳು ಇಳಿದವು. ಇಲಿಗಳ ಶ್ವಾಸಕೋಶದ ಊತವೂ ಕಡಿಮೆಯಾಯಿತು.

ನಮ್ಮ ದೇಶದಲ್ಲಿಯೂ ಈ ಕಾರ್ಯ ನಡೆದಿದೆ. 1947ರಲ್ಲಿ ಸ್ಥಾಪನೆಗೊಂಡು ಈಗ ಕೊಚ್ಚಿಯಲ್ಲಿ ಕೇಂದ್ರ ಕಚೇರಿಯನ್ನೂ ಮಂಗಳೂರು, ಕಾರವಾರಗಳಲ್ಲಿ ಶಾಖಾ ಕೇಂದ್ರಗಳನ್ನೂ ಹೊಂದಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚಿಕೋರಿಯಸ್ ರಾಮೋಸಸ್ ಮೊದಲಾದ ಭಾರತೀಯ ತೀರದ ಬಸವನಹುಳುಗಳಿಂದ ಸಂಯುಕ್ತಗಳನ್ನು ಬೇರ್ಪಡಿಸಿ, ಉರಿಯೂತಕ್ಕೆ ಸಂಬಂಧಿಸಿದ ಕಿಣ್ವಗಳನ್ನು ಅವು ತಡೆಯುತ್ತವೆಯೇ ಎಂದು ಪರೀಕ್ಷಿಸಿ ಆಶಾದಾಯಕ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಔಷಧ ಸಂಶೋಧನೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಗಾಜಿನ ತಟ್ಟೆಯಲ್ಲಿನ ಜೀವಕೋಶ, ಎರಡನೆಯದು ಪ್ರಾಣಿ, ಮೂರನೆಯದು ಮನುಷ್ಯ. ಮೇಲೆ ಹೇಳಿದ ಫಲಿತಾಂಶಗಳು ಮೊದಲ ಎರಡು ಮೆಟ್ಟಿಲಿನವು. ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ‘ಸಾಮರ್ಥ್ಯ’, ‘ಸಾಧ್ಯತೆ’ ಎಂಬ ಪದಗಳನ್ನು ಎಚ್ಚರಿಕೆಯಿಂದಲೇ ಬಳಸುತ್ತಾರೆ. ಯೋಜನಾ ವರದಿ ಬರೆಯುವವರು ಆ ಪದವನ್ನು ಸದ್ದಿಲ್ಲದೆ ಕೈಬಿಟ್ಟು ‘ಗುಣಪಡಿಸುತ್ತದೆ’ ಎಂದು ಬರೆದುಬಿಡುತ್ತಾರೆ. ಉದ್ದಿಮೆದಾರನ ನಷ್ಟ ಆ ಒಂದು ಪದದ ವ್ಯತ್ಯಾಸದಿಂದಲೇ ಆರಂಭವಾಗುತ್ತದೆ.

ಶಂಖ, ಕವಡೆ, ನಖ

ಕಡಲ ಬಸವನಹುಳು ನಮ್ಮ ವೈದ್ಯ ಪರಂಪರೆಗೆ ಹೊಸದೇನಲ್ಲ. ಶಂಖ ಭಸ್ಮ ಮತ್ತು ಕವಡೆಯಿಂದ ಮಾಡುವ ವರಾಟಿಕಾ ಭಸ್ಮಗಳನ್ನು ಆಯುರ್ವೇದ ವೈದ್ಯರು ಆಮ್ಲಪಿತ್ತ, ಹೊಟ್ಟೆನೋವುಗಳಿಗೆ ಕೊಡುತ್ತಾ ಬಂದಿದ್ದಾರೆ. ಗ್ರಂಧಿಗೆ ಅಂಗಡಿಗಳಲ್ಲಿ ‘ನಖ’ ಎಂಬ ಹೆಸರಿನಲ್ಲಿ ದೊರೆಯುವ ಉಗುರಿನಾಕಾರದ ವಸ್ತು ಸಮುದ್ರದ ಬಸವನಹುಳು ತನ್ನ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಳ್ಳುವ ಮುಚ್ಚಳ. ವಾಗ್ಭಟನ ಅಷ್ಟಾಂಗಹೃದಯದ ಏಲಾದಿ ಗಣದಲ್ಲಿ ವ್ಯಾಘ್ರನಖವು ಸುಗಂಧ ದ್ರವ್ಯಗಳೊಡನೆ ಸೇರಿದೆ. ಧೂಪ ಮತ್ತು ತೈಲಗಳಿಗೆ ಅದರ ಬಳಕೆ ಇಂದಿಗೂ ಇದೆ.

ಆದರೆ ಪರಂಪರೆಯ ಈ ಹೆಸರನ್ನು ಹೊಸ ಸಾರಕ್ಕೆ ಅಂಟಿಸಿ ಮಾರುವುದು ಸರಿಯಲ್ಲ. ಭಸ್ಮ ತಯಾರಾಗುವುದು ಸುಣ್ಣದ ಅಂಶವುಳ್ಳ ಚಿಪ್ಪಿನಿಂದ. ಬೆಂಕಿಯಲ್ಲಿ ಪುಟವಿಟ್ಟಾಗ ಅದರಲ್ಲಿನ ಜೈವಿಕ ಸಂಯುಕ್ತಗಳು ಉಳಿಯುವುದಿಲ್ಲ. ಈಗಿನ ಸಂಶೋಧನೆ ನಡೆಯುತ್ತಿರುವುದು ಚಿಪ್ಪಿನೊಳಗಿನ ಮಾಂಸ ಮತ್ತು ಗ್ರಂಥಿಗಳ ಮೇಲೆ. ಶಂಖ ಭಸ್ಮವು ಶಾಸ್ತ್ರಗ್ರಂಥಗಳಲ್ಲಿದೆ ಎಂಬ ಕಾರಣದಿಂದ ಬಸವನಹುಳು ಮಾಂಸದ ಸಾರವೂ ಆಯುರ್ವೇದ ಔಷಧವಾಗಲಾರದು. ಇವೆರಡೂ ಒಂದೇ ಜೀವಿಯಿಂದ ಬಂದ ಬೇರೆ ಬೇರೆ ಸರಕುಗಳು. ಮುಂದೆ ಪರವಾನಗಿಯ ಪ್ರಶ್ನೆ ಬಂದಾಗ ಈ ಭೇದವೇ ನಿರ್ಣಾಯಕವಾಗುತ್ತದೆ.

ಬೆಂಗಳೂರಿನ ಒಂದು ಪಾಠ, ಕೊಚ್ಚಿಯ ಇನ್ನೊಂದು

ಕಡಲಿಲ್ಲದ ಬೆಂಗಳೂರಿನಲ್ಲಿ ಕಡಲ ಬಸವನಹುಳುವಿನ ಸಂಶೋಧನೆ ಬಹಳ ಹಿಂದೆಯೇ ನಡೆದಿದೆಯೆಂಬುದು ಅನೇಕರಿಗೆ ಆಶ್ಚರ್ಯವಾಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ. ಬಲರಾಮ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪ್ರೊ. ಕೆ. ಎಸ್. ಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ಭಾರತದ ತೀರದ ಶಂಕುವಿನಾಕಾರದ ವಿಷ ಬಸವನಹುಳುಗಳನ್ನು ಅಧ್ಯಯನ ಮಾಡಿದರು. ಕೋನಸ್ ಅಮಾಡಿಸ್ ಎಂಬ ಜಾತಿಯ ವಿಷದಲ್ಲಿನ ಒಂದು ಪೆಪ್ಟೈಡ್ ನರಕೋಶಗಳ ಸೋಡಿಯಂ ವಾಹಿನಿಗಳ ಮೇಲೆ ಪರಿಣಾಮ ಬೀರುವುದನ್ನು ಅವರು 2003ರಲ್ಲಿ ಪ್ರಕಟಿಸಿದರು.

ಇದೇ ಕುಲದ ಕೋನಸ್ ಮೇಗಸ್ ಎಂಬ ಬಸವನಹುಳುವಿನ ವಿಷದಲ್ಲಿ ಕಂಡುಬಂದ ಪೆಪ್ಟೈಡ್‌ನಿಂದ ರೂಪುಗೊಂಡ ಜಿಕೊನೊಟೈಡ್ ಎಂಬ ನೋವುನಿವಾರಕಕ್ಕೆ ಅಮೆರಿಕದ ಔಷಧ ಆಡಳಿತವು 2004ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು. ಇದು ಉರಿಯೂತದ ಔಷಧವಲ್ಲ. ತೀವ್ರ ನೋವಿನಿಂದ ಬಳಲುವವರ ಬೆನ್ನುಹುರಿಯ ದ್ರವಕ್ಕೆ ಪಂಪಿನ ಮೂಲಕ ಸೇರಿಸುವ ಔಷಧ. ವ್ಯಾಪಾರಿಯ ದೃಷ್ಟಿಯಿಂದ ಗಮನಿಸಬೇಕಾದ ಅಂಶ ಬೇರೆಯೇ ಇದೆ. 25 ಅಮೈನೋ ಆಮ್ಲಗಳ ಈ ಸಣ್ಣ ಅಣುವನ್ನು ಬಸವನಹುಳುವಿನಿಂದ ತೆಗೆಯುವುದಿಲ್ಲ, ಪ್ರಯೋಗಾಲಯದಲ್ಲಿ ಸಂಶ್ಲೇಷಿಸುತ್ತಾರೆ. ಕಡಲಿನಿಂದ ಬಂದದ್ದು ಜ್ಞಾನ ಮಾತ್ರ. ಕಚ್ಚಾ ಸಾಮಗ್ರಿ ಬಂದದ್ದು ರಸಾಯನ ಕಾರ್ಖಾನೆಯಿಂದ.

ಇದು ನಮ್ಮ ದೇಶಕ್ಕೆ ಹೊಸ ಅನುಭವವಲ್ಲ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಕೆಲವೇ ವರ್ಷಗಳಲ್ಲಿ ಬಿಹಾರದ ನೀಲಿ ಬೆಳೆ ನೆಲಕಚ್ಚಿತು. ನೈಸರ್ಗಿಕ ಸಾರದ ವ್ಯಾಪಾರಿಗೆ ಎರಡೂ ಕಡೆಯಿಂದ ಅಪಾಯವಿದೆ. ಸಾರದಲ್ಲಿ ಶಕ್ತಿಯಿಲ್ಲವೆಂದು ಸಾಬೀತಾದರೆ ಕೊಳ್ಳುವವರಿಲ್ಲ. ಅದರಲ್ಲಿನ ಒಂದೇ ಅಣುವಿನಲ್ಲಿ ಮಹಾಶಕ್ತಿಯಿದೆಯೆಂದು ಸಾಬೀತಾದರೆ ದೊಡ್ಡ ಔಷಧ ಕಂಪನಿ ಆ ಅಣುವನ್ನೇ ತಯಾರಿಸಿಕೊಳ್ಳುತ್ತದೆ.

ಎರಡನೆಯ ಪಾಠ ಕೊಚ್ಚಿಯದು. ಮೇಲೆ ಹೇಳಿದ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಪರ್ನಾ ವಿರಿಡಿಸ್ ಎಂಬ ಹಸಿರು ಕಪ್ಪೆಚಿಪ್ಪಿನ ಮಾಂಸದಿಂದ ಕೀಲುನೋವಿಗೆ ಉಪಯುಕ್ತವಾದ ಸಾರವನ್ನು ಸಿದ್ಧಪಡಿಸಿ, ‘ಕಡಲ್ಮಿನ್’ ಎಂಬ ಹೆಸರಿನ ಕ್ಯಾಪ್ಸೂಲ್ ಆಗಿ ಖಾಸಗಿ ಉದ್ದಿಮೆಯ ಮೂಲಕ ಮಾರುಕಟ್ಟೆಗೆ ತಂದಿತು. ಇದು ಬಸವನಹುಳುವಲ್ಲ, ಎರಡು ಚಿಪ್ಪಿನ ಮೃದ್ವಂಗಿ. ಆದರೂ ನಮ್ಮ ವಿಷಯಕ್ಕೆ ಅತಿ ಸಮೀಪದ ಯಶಸ್ವಿ ಉದಾಹರಣೆ ಇದೇ. ಈ ಯಶಸ್ಸಿಗೆ ಮೂರು ಕಾರಣಗಳನ್ನು ಗುರುತಿಸಬಹುದು. ಹಸಿರು ಕಪ್ಪೆಚಿಪ್ಪನ್ನು ನದೀಮುಖಗಳಲ್ಲಿ ಹಗ್ಗಕ್ಕೆ ಕಟ್ಟಿ ಸಾಕಬಹುದಾದ್ದರಿಂದ ಕಚ್ಚಾ ಸಾಮಗ್ರಿಗೆ ಕೊರತೆಯಿಲ್ಲ. ಸಂಶೋಧನೆಯ ಹಲವು ವರ್ಷಗಳ ವೆಚ್ಚವನ್ನು ಸಾರ್ವಜನಿಕ ಸಂಸ್ಥೆ ಭರಿಸಿತು. ಉದ್ದಿಮೆದಾರನು ಸಿದ್ಧ ತಂತ್ರಜ್ಞಾನವನ್ನು ಒಪ್ಪಂದದ ಮೇಲೆ ಪಡೆದನು. ಅದೇ ಸಂಸ್ಥೆ ಸಸ್ಯಾಹಾರಿಗಳಿಗಾಗಿ ಕಡಲಪಾಚಿಯಿಂದಲೂ ಕೀಲುನೋವಿನ ಸಾರವನ್ನು ರೂಪಿಸಿದ್ದು ಮಾರುಕಟ್ಟೆಯ ನಾಡಿ ಹಿಡಿದದ್ದಕ್ಕೆ ಸಾಕ್ಷಿ.

ಇಳುವರಿಯ ಲೆಕ್ಕ

1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಪಾಲ್ ಫ್ರೀಡ್‌ಲ್ಯಾಂಡರ್ ಟೈರಿಯನ್ ನೇರಳೆಯ ರಚನೆಯನ್ನು ಕಂಡುಹಿಡಿಯಲು 12,000 ಬಸವನಹುಳುಗಳನ್ನು ಬಳಸಿದರು. ದೊರೆತ ಶುದ್ಧ ಬಣ್ಣ 1.4 ಗ್ರಾಂ. ಅಂದರೆ ಒಂದು ಗ್ರಾಂಗೆ ಎಂಟೂವರೆ ಸಾವಿರಕ್ಕೂ ಹೆಚ್ಚು ಜೀವಿಗಳು. ಉರಿಯೂತಕ್ಕೆ ಉಪಯೋಗವಾಗಬಹುದೆಂದು ಹೇಳುವ ಇಂಡೋಲ್‌ಗಳು ಇದೇ ಗ್ರಂಥಿಯಲ್ಲಿ ಹುಟ್ಟುವಂಥವು ಎಂಬುದನ್ನು ಮರೆಯಬಾರದು.

ಒಟ್ಟು ಮಾಂಸದ ಕಚ್ಚಾ ಸಾರವಾದರೆ ಇಳುವರಿ ಇಷ್ಟು ಕಡಿಮೆಯಾಗದು. ಅದರ ಲೆಕ್ಕ ಹಾಕುವ ಕ್ರಮವನ್ನು ಕಾಲ್ಪನಿಕ ಅಂಕಿಗಳಿಂದ ನೋಡೋಣ. 200 ಕಿಲೋ ಬಸವನಹುಳುವಿನಲ್ಲಿ ಕಾಲು ಭಾಗ ಮಾಂಸವೆಂದು ಇಟ್ಟುಕೊಂಡರೆ 50 ಕಿಲೋ. ಒಣಗಿಸಿದಾಗ ಐದರಲ್ಲಿ ಒಂದು ಭಾಗ ಉಳಿದರೆ 10 ಕಿಲೋ ಪುಡಿ. ಅದರಿಂದ ಶೇಕಡ 10ರಷ್ಟು ಸಾರ ಬಂದರೆ 1 ಕಿಲೋ. ಕಚ್ಚಾ ಸಾಮಗ್ರಿಯ ದರ ಕಿಲೋಗೆ 150 ರೂಪಾಯಿ ಎಂದುಕೊಂಡರೆ ಒಂದು ಕಿಲೋ ಸಾರದಲ್ಲಿ ಸಾಮಗ್ರಿಯ ವೆಚ್ಚವೇ 30,000 ರೂಪಾಯಿ. ದ್ರಾವಕ, ವಿದ್ಯುತ್, ಕೂಲಿ, ಪರೀಕ್ಷಾ ಶುಲ್ಕ, ಬಡ್ಡಿಗಳು ಇದರ ಮೇಲೆ.

ಇದನ್ನು ಅರಿಶಿನದೊಡನೆ ಹೋಲಿಸಿ ನೋಡಿ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಅಂಶ ಸಾಮಾನ್ಯವಾಗಿ ಶೇಕಡ 2ರಿಂದ 5. ಶೇಕಡ 3 ಎಂದು ಹಿಡಿದು, ತಯಾರಿಕೆಯ ನಷ್ಟವನ್ನೂ ಸೇರಿಸಿದರೆ ಒಂದು ಕಿಲೋಗೆ ಸುಮಾರು 40 ಕಿಲೋ ಅರಿಶಿನ ಬೇಕು. ಅದೇ 150 ರೂಪಾಯಿ ದರದಲ್ಲಿ 6,000 ರೂಪಾಯಿ. ಐದು ಪಟ್ಟು ವ್ಯತ್ಯಾಸ! ಅರಿಶಿನದಿಂದ ಬಂದದ್ದು ಬಹುಪಾಲು ಶುದ್ಧ ಕರ್ಕ್ಯುಮಿನ್. ಬಸವನಹುಳುವಿನಿಂದ ಬಂದ ಒಂದು ಕಿಲೋದಲ್ಲಿ ಗುಣವುಳ್ಳ ಸಂಯುಕ್ತ ಅತ್ಯಲ್ಪ. ಕರ್ಕ್ಯುಮಿನ್ ಬಗ್ಗೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳೂ ಬಹಳಷ್ಟಿವೆ. 1991ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಾಮಿ ಲ್ಯಾಬ್ಸ್ ಕರ್ಕ್ಯುಮಿನ್ ಸಾರವನ್ನು ಜಗತ್ತಿನ ಮಾರುಕಟ್ಟೆಗೆ ಕೊಂಡೊಯ್ದದ್ದು ಈ ಬಗೆಯ ಲೆಕ್ಕ ಮತ್ತು ಪುರಾವೆಗಳ ಬಲದಿಂದಲೇ. ನಮ್ಮ ಬಸವನಹುಳು ಸ್ಪರ್ಧಿಸಬೇಕಾಗಿರುವುದು ಈ ಅರಿಶಿನದೊಡನೆ.

ಪ್ರಸ್ತಾವ ತರುವವರ ಅಂಕಿಗಳು ಮೇಲಿನವುಗಳಿಗಿಂತ ಉತ್ತಮವಾಗಿರಬಹುದು. ಸಂತೋಷ. ಆದರೆ ಪ್ರತಿಯೊಂದು ಹಂತದ ಇಳುವರಿಯನ್ನೂ ತಮ್ಮ ಕಣ್ಣೆದುರಿಗೆ, ಕನಿಷ್ಠ ಮೂರು ಬ್ಯಾಚುಗಳಲ್ಲಿ, ತೂಕ ಹಾಕಿಸಿ ನೋಡದೆ ಯಂತ್ರಕ್ಕೆ ಮುಂಗಡ ಕೊಡಬಾರದು.

ಕಡಲಿನಿಂದ ಪಿಲ್ಲಗುಂಪೆಗೆ

ಹೊಸಕೋಟೆಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಪಶ್ಚಿಮದಲ್ಲಿ ಮಂಗಳೂರಿನ ಸಮೀಪದ ಬಂಟ್ವಾಳದಿಂದ ಆರಂಭವಾಗುತ್ತದೆ. ಒಂದೇ ಹೆದ್ದಾರಿಯಾದರೂ ಮಂಗಳೂರಿನಿಂದ ಪಿಲ್ಲಗುಂಪೆಗೆ 350 ಕಿಲೋಮೀಟರಿಗೂ ಹೆಚ್ಚು ದಾರಿ. ಮೇಲಿನ ಲೆಕ್ಕದಂತೆ ತೂಕದ ಮುಕ್ಕಾಲು ಪಾಲು ಚಿಪ್ಪು. ಇಡೀ ಬಸವನಹುಳುವನ್ನು ಮಂಜುಗಡ್ಡೆಯಲ್ಲಿಟ್ಟು ಶಿರಾಡಿ ಘಾಟಿ ಹತ್ತಿಸುವುದೆಂದರೆ ಸುಣ್ಣಕ್ಕೆ ಶೈತ್ಯಾಗಾರದ ಬಾಡಿಗೆ ತೆತ್ತಂತೆ. ಮೃದ್ವಂಗಿಯ ಮಾಂಸ ಬಹುಬೇಗ ಕೆಡುವಂಥದ್ದು. ಆದ್ದರಿಂದ ಚಿಪ್ಪು ಬಿಡಿಸುವ ಮತ್ತು ಒಣಗಿಸುವ ಕೆಲಸ ಮಂಗಳೂರು, ಮಲ್ಪೆ, ಕಾರವಾರಗಳ ಬಂದರಿನ ಬಳಿಯೇ ನಡೆಯಬೇಕು. ಒಣಪುಡಿಯಿಂದ ಮುಂದಿನ ಕೆಲಸ ಮಾತ್ರ ಒಳನಾಡಿನ ಘಟಕಕ್ಕೆ ಒಪ್ಪುವಂಥದ್ದು.

ಪೂರೈಕೆಯೂ ವರ್ಷವಿಡೀ ಇರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ಅವಧಿಗೆ ಬೇಕಾದ ದಾಸ್ತಾನನ್ನು ಮೊದಲೇ ಕೊಂಡಿಡಬೇಕು. ದುಡಿಯುವ ಬಂಡವಾಳದ ಲೆಕ್ಕದಲ್ಲಿ ಈ ಎರಡು ತಿಂಗಳ ದಾಸ್ತಾನು ಮತ್ತು ಅದರ ಬಡ್ಡಿಯನ್ನು ತೋರಿಸದ ಯೋಜನಾ ವರದಿ ಅಪೂರ್ಣವಾದದ್ದು.

ಬಸವನಹುಳು ಬಹುತೇಕ ಬೇರೆ ಮೀನಿಗಾಗಿ ಎಳೆದ ಬಲೆಗೆ ಬೀಳುವ ಪದಾರ್ಥ. ಇವತ್ತು ಒಂದು ಜಾತಿ, ನಾಳೆ ಮತ್ತೊಂದು ಜಾತಿ ಬರಬಹುದು. ಜಾತಿ ಬದಲಾದರೆ ಸಾರದ ಗುಣವೂ ಬದಲಾಗುತ್ತದೆ. ಅಲ್ಲದೆ ಮೃದ್ವಂಗಿಗಳ ಶರೀರದಲ್ಲಿ, ವಿಶೇಷವಾಗಿ ಜೀರ್ಣಾಂಗದ ಗ್ರಂಥಿಯಲ್ಲಿ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಸಂಗ್ರಹವಾಗುತ್ತವೆ. ಸಾರವನ್ನು ಸಾಂದ್ರಗೊಳಿಸುವಾಗ ಗುಣದೊಡನೆ ವಿಷವೂ ಸಾಂದ್ರಗೊಳ್ಳಬಹುದು. ಪ್ರತಿ ಬ್ಯಾಚಿಗೂ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಅನಿವಾರ್ಯ. ಆ ವೆಚ್ಚ ಸಣ್ಣ ಬ್ಯಾಚಿಗೂ ದೊಡ್ಡ ಬ್ಯಾಚಿಗೂ ಒಂದೇ ಆದ್ದರಿಂದ ಸಣ್ಣ ಘಟಕಕ್ಕೆ ಕಿಲೋವಾರು ಹೊರೆ ಹೆಚ್ಚು.

ಯಾವ ಕಾಯಿದೆ, ಯಾವ ಪರವಾನಗಿ?

ಮೊದಲನೆಯದಾಗಿ ವನ್ಯಜೀವಿ ಸಂರಕ್ಷಣಾ ಕಾಯಿದೆ, 1972. ಅಲಂಕಾರದ ಅಂಗಡಿಗಳಲ್ಲಿ ಸಾಮಾನ್ಯವೆಂಬಂತೆ ಕಾಣುವ ಅನೇಕ ಕಡಲ ಚಿಪ್ಪುಗಳನ್ನು 2001ರಲ್ಲಿ ಇದರ ಅನುಸೂಚಿಗಳಿಗೆ ಸೇರಿಸಲಾಯಿತು. 2022ರ ತಿದ್ದುಪಡಿಯ ಮೂಲಕ ಅನುಸೂಚಿಗಳನ್ನು ಪುನರ್‌ರಚಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತರಲಾಗಿದೆ. ‘ಬಸವನಹುಳು’ ಎಂಬ ಸಾಮಾನ್ಯ ಹೆಸರಿನ ಬಿಲ್ಲು ಇಲ್ಲಿ ರಕ್ಷಣೆ ನೀಡದು. ಜಾತಿಯ ವೈಜ್ಞಾನಿಕ ಹೆಸರನ್ನು ತಜ್ಞರಿಂದ ಬರವಣಿಗೆಯಲ್ಲಿ ಪಡೆದು, ಪ್ರಸ್ತುತ ಅನುಸೂಚಿಯೊಡನೆ ತಾಳೆ ನೋಡಿಯೇ ಖರೀದಿಸತಕ್ಕದ್ದು.

ಎರಡನೆಯದು ಜೈವಿಕ ವೈವಿಧ್ಯ ಕಾಯಿದೆ, 2002. ದೇಶದ ಜೈವಿಕ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವ ಭಾರತೀಯ ಉದ್ದಿಮೆಯು ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಭಾರತೀಯ ಕಂಪನಿಗಳಿಗೂ ಲಾಭ ಹಂಚಿಕೆಯ ಹೊಣೆಯಿದೆಯೆಂದು ಉತ್ತರಾಖಂಡ ಉಚ್ಚ ನ್ಯಾಯಾಲಯವು 2018ರ ಡಿಸೆಂಬರ್‌ನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತೀರ್ಪಿತ್ತಿತು. 2023ರ ತಿದ್ದುಪಡಿಯು ಶಾಸ್ತ್ರೋಕ್ತ ಸಾಂಪ್ರದಾಯಿಕ ಜ್ಞಾನ ಮತ್ತು ಕೃಷಿ ಮಾಡಿದ ಔಷಧ ಸಸ್ಯಗಳ ಬಳಕೆದಾರರಿಗೆ ಕೆಲವು ವಿನಾಯಿತಿಗಳನ್ನು ನೀಡಿತು. ಬಲೆಗೆ ಬಿದ್ದ ಬಸವನಹುಳು ಕೃಷಿಯ ಸಸ್ಯವಲ್ಲ, ಅದರ ಮಾಂಸದ ಹೊಸ ಸಾರ ಶಾಸ್ತ್ರೋಕ್ತವೂ ಅಲ್ಲ. ಪೇಟೆಂಟ್ ಅರ್ಜಿ ಹಾಕುವ ಯೋಚನೆಯಿದ್ದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನೂ ಪಾಲಿಸಬೇಕು.

ಮೂರನೆಯದು ಉತ್ಪನ್ನದ ಪರವಾನಗಿ. ಇಲ್ಲಿ ದಾರಿಗಳು ಕವಲೊಡೆಯುತ್ತವೆ. ಆಯುರ್ವೇದ ಔಷಧವೆಂದು ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯಡಿ ಪರವಾನಗಿ ಬೇಕು. ಸ್ವಾಮ್ಯ ಯೋಗವಾದರೂ ಅದರ ಘಟಕ ದ್ರವ್ಯಗಳು ಕಾಯಿದೆಯ ಅನುಸೂಚಿಯಲ್ಲಿ ಹೆಸರಿಸಿದ ಗ್ರಂಥಗಳಲ್ಲಿರಬೇಕು. ಶಂಖ ಭಸ್ಮಕ್ಕೆ ಈ ದಾರಿ ತೆರೆದಿದೆ. ಹೊಸ ಮಾಂಸದ ಸಾರಕ್ಕೆ ತೆರೆದಿಲ್ಲ. ಆಹಾರ ಪೂರಕವೆಂದು ಮಾರಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನ್ಯೂಟ್ರಾಸ್ಯುಟಿಕಲ್ ನಿಯಮಗಳು ಅನ್ವಯಿಸುತ್ತವೆ. ಪಟ್ಟಿಯಲ್ಲಿಲ್ಲದ ಪದಾರ್ಥಕ್ಕೆ 2017ರ ನಿಯಮಗಳಂತೆ ಸುರಕ್ಷತೆಯ ದಾಖಲೆಗಳೊಡನೆ ಪೂರ್ವಾನುಮತಿ ಪಡೆಯಬೇಕು. ಪೊಟ್ಟಣದ ಮೇಲೆ ಮಾಂಸಾಹಾರದ ಕಂದು ಗುರುತು ಕಡ್ಡಾಯ. ಚಿಪ್ಪುಜೀವಿಗಳ ಅಲರ್ಜಿಯುಳ್ಳವರಿಗೆ ಎಚ್ಚರಿಕೆಯನ್ನೂ ಮುದ್ರಿಸುವುದು ಗ್ರಾಹಕನ ಹಿತಕ್ಕೂ ತಯಾರಕನ ಹಿತಕ್ಕೂ ಒಳ್ಳೆಯದು.

ನಾಲ್ಕನೆಯದು ಜಾಹೀರಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ ಹೆಸರಿಸಿದ ರೋಗಗಳಲ್ಲಿ ವಾತರೋಗವೂ ಇದೆ, ಜಠರದ ಹುಣ್ಣೂ ಇದೆ. ‘ಸಂಧಿವಾತ ಗುಣವಾಗುತ್ತದೆ’ ಎಂಬ ಒಂದು ಸಾಲು ಕರಪತ್ರದಲ್ಲಿದ್ದರೆ ಸಾಕು. ಈ ಕಾಯಿದೆ ತಯಾರಕನನ್ನಷ್ಟೇ ಅಲ್ಲ, ಜಾಹೀರಾತಿನ ಪ್ರಕಟಣೆಯಲ್ಲಿ ಪಾಲ್ಗೊಂಡ ಯಾರನ್ನೂ ಒಳಗೊಳ್ಳುತ್ತದೆ. ಕಂಪನಿ ಕೊಟ್ಟ ಫಲಕವನ್ನು ಅಂಗಡಿಯ ಮುಂದೆ ತೂಗುಹಾಕುವ ವರ್ತಕರು ಇದನ್ನು ಗಮನಿಸತಕ್ಕದ್ದು. ಇದು ಕೇವಲ ಕಾಯಿದೆಯ ಭಯವಲ್ಲ. ಕರಪತ್ರವನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿದ ರೋಗಿಯ ಕೀಲು ಒಮ್ಮೆ ಹಾಳಾದರೆ ಮತ್ತೆ ಸರಿಯಾಗದು.

ಇವುಗಳೊಡನೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಮತ್ತು ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಕಗಳ ಸಂಗ್ರಹಕ್ಕೆ ಅನುಮತಿ ಬೇಕು. ಮದ್ಯಸಾರ ಬಳಸುವುದಾದರೆ ಅಬಕಾರಿ ಇಲಾಖೆಯ ಪರವಾನಗಿಯೂ ಅವಶ್ಯ.

ಲೆಕ್ಕಪುಸ್ತಕದ ದೃಷ್ಟಿ

ಸಂಶೋಧನೆಯ ವೆಚ್ಚವನ್ನು ಆಸ್ತಿಯೆಂದು ತೋರಿಸಿ ಅಢಾವೆ ಪತ್ರಿಕೆಯನ್ನು ದಷ್ಟಪುಷ್ಟವಾಗಿ ಕಾಣಿಸುವ ಆಸೆ ಕೆಲವರಿಗಿರುತ್ತದೆ. ಅಮೂರ್ತ ಆಸ್ತಿಗಳ ಕುರಿತ ಲೆಕ್ಕಪತ್ರ ಮಾನಕ 26 ಇದಕ್ಕೆ ಅವಕಾಶ ಕೊಡುವುದಿಲ್ಲ. ಸಂಶೋಧನಾ ಹಂತದ ಖರ್ಚೆಲ್ಲವೂ ಆಯಾ ವರ್ಷದ ಲಾಭ-ನಷ್ಟಕ್ಕೇ ಹೋಗಬೇಕು. ತಾಂತ್ರಿಕವಾಗಿ ಸಾಧ್ಯವೆಂದೂ, ಮಾರುಕಟ್ಟೆಯಿದೆಯೆಂದೂ, ಪೂರ್ಣಗೊಳಿಸಲು ಸಂಪನ್ಮೂಲವಿದೆಯೆಂದೂ ತೋರಿಸಬಲ್ಲ ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ ಆಸ್ತಿಯಾಗಿ ಪರಿಗಣಿಸಬಹುದು. ಮಾನಕ ಬರೆದವರ ವಿವೇಕ ಇಲ್ಲಿ ಮೆಚ್ಚತಕ್ಕದ್ದು: ಸಾಧ್ಯತೆ ಎಂಬುದು ಆಸ್ತಿಯಲ್ಲ.

ತೆರಿಗೆಯ ಆಕರ್ಷಣೆಯೂ ಮೊದಲಿನಂತಿಲ್ಲ. ಅನುಮೋದಿತ ಆಂತರಿಕ ಸಂಶೋಧನೆಗೆ ಕಂಪನಿಗಳಿಗೆ ದೊರೆಯುತ್ತಿದ್ದ ಶೇಕಡ 150ರ ಹೆಚ್ಚುವರಿ ಕಡಿತವು 2019-20ರ ಆರ್ಥಿಕ ವರ್ಷಕ್ಕೆ ಮುಗಿಯಿತು. ಸರಕು ಮತ್ತು ಸೇವಾ ತೆರಿಗೆಯಲ್ಲಿ 2025ರ ಸೆಪ್ಟೆಂಬರ್ 21ರವರೆಗೆ ಆಯುರ್ವೇದ ಔಷಧಗಳಿಗೆ ಶೇಕಡ 12, ಆಹಾರ ಪೂರಕಗಳಿಗೆ ಸಾಮಾನ್ಯವಾಗಿ ಶೇಕಡ 18ರ ದರವಿತ್ತು. ಮರುದಿನದಿಂದ ದರಗಳು ಪರಿಷ್ಕೃತವಾಗಿ ಔಷಧಗಳು ಶೇಕಡ 5ಕ್ಕೆ ಇಳಿದವು. ತೆರಿಗೆ ಉಳಿಸಲು ಪೂರಕವನ್ನು ಔಷಧವೆಂದು ಬಿಲ್ಲು ಮಾಡಿದ್ದ ಹಳೆಯ ವರ್ಷಗಳ ಪ್ರಕರಣಗಳಿಗೆ ಈ ಪರಿಷ್ಕರಣೆ ಪರಿಹಾರ ನೀಡುವುದಿಲ್ಲ. ಪರವಾನಗಿ, ಪೊಟ್ಟಣದ ಮೇಲಿನ ಬರಹ ಮತ್ತು ಬಿಲ್ಲಿನ ಸಂಕೇತ ಸಂಖ್ಯೆ, ಈ ಮೂರೂ ಒಂದೇ ಮಾತನ್ನು ಹೇಳುತ್ತಿರಬೇಕು.

ಮಲೆನಾಡಿನ ಬಂಧುಗಳಿಗೆ ವೆನಿಲ್ಲಾದ ಕಥೆ ನೆನಪಿರಬಹುದು. ಮಡಗಾಸ್ಕರ್‌ನಲ್ಲಿ 2000ರಲ್ಲಿ ಬೀಸಿದ ಚಂಡಮಾರುತದ ನಂತರ ಪೂರೈಕೆ ಕುಸಿದು 2003-04ರ ವೇಳೆಗೆ ಇಲ್ಲಿ ಹಸಿ ಕೋಡಿಗೂ ಕಿಲೋಗೆ ಸಾವಿರಾರು ರೂಪಾಯಿ ಬೆಲೆ ಬಂದಿತ್ತು. ಬಳ್ಳಿ ಕೊಂಡು ನೆಟ್ಟವರ ಫಸಲು ಕೈಗೆ ಬರುವಷ್ಟರಲ್ಲಿ ಬೆಲೆ ಇಳಿದುಹೋಯಿತು. ಹಣ ಮಾಡಿಕೊಂಡವರಲ್ಲಿ ಬಳ್ಳಿ ಮಾರಿದವರೂ ಇದ್ದರು. ಹೊಸ ಸರಕಿನ ಉತ್ಸಾಹದಲ್ಲಿ ಯಂತ್ರ ಮಾರುವವರು, ತರಬೇತಿ ಕೊಡುವವರು, ‘ಮರುಖರೀದಿ’ಯ ಭರವಸೆ ನೀಡುವವರು ಮೊದಲು ಲಾಭ ಮಾಡಿಕೊಳ್ಳುತ್ತಾರೆ. ಉತ್ಪಾದಕನ ಸರದಿ ಕೊನೆಯದು.

ಹಾಗಾದರೆ ದಾರಿ ಯಾವುದು?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಈ ಕ್ಷೇತ್ರದತ್ತ ತಲೆ ಹಾಕಲೇಬಾರದು ಎಂಬ ಅಭಿಪ್ರಾಯವಲ್ಲ. ಸಣ್ಣ ಉದ್ದಿಮೆಗೆ ಒಪ್ಪುವ ನಾಲ್ಕು ದಾರಿಗಳಿವೆ.

1. ಒಪ್ಪಂದದ ತಯಾರಿಕೆ. ಪರವಾನಗಿ ಮತ್ತು ಪುರಾವೆಯ ಹೊಣೆ ಹೊತ್ತ ಕಂಪನಿಗೆ ಒಣಪುಡಿಯಿಂದ ಸಾರ ತೆಗೆದುಕೊಡುವುದು. ಸಂಸ್ಕರಣಾ ಶುಲ್ಕ ನಿಮ್ಮದು, ಮಾರುಕಟ್ಟೆಯ ಅಪಾಯ ಅವರದು. ಅರಿಶಿನಕ್ಕೂ ಶುಂಠಿಗೂ ಬಳಸಬಹುದಾದ ಯಂತ್ರಗಳನ್ನೇ ಹಾಕಿದರೆ ಬಸವನಹುಳು ಕೈಕೊಟ್ಟರೂ ಷೆಡ್ಡು ಖಾಲಿ ಕೂರುವುದಿಲ್ಲ. ಆದರೆ ಒಂದೇ ಪಾತ್ರೆಯಲ್ಲಿ ಸಸ್ಯಜನ್ಯವನ್ನೂ ಪ್ರಾಣಿಜನ್ಯವನ್ನೂ ಬೆರೆಸುವಂತಿಲ್ಲ. ಪ್ರತ್ಯೇಕ ಸಾಲು ಬೇಕು.

2. ಸಿದ್ಧ ತಂತ್ರಜ್ಞಾನದ ಖರೀದಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಮುಂತಾದವು ತಂತ್ರಜ್ಞಾನವನ್ನು ಶುಲ್ಕದ ಮೇಲೆ ವರ್ಗಾಯಿಸುತ್ತವೆ. ಇನ್ನೂ ಪ್ರಬಂಧದ ಹಂತದಲ್ಲಿರುವ ಬಸವನಹುಳುವಿಗಿಂತ, ಪರೀಕ್ಷೆಗಳನ್ನು ದಾಟಿ ಬಂದ ಕಪ್ಪೆಚಿಪ್ಪು ಅಥವಾ ಕಡಲಪಾಚಿಯ ಸಾರ ಮೇಲು.

3. ತ್ಯಾಜ್ಯದ ಬಳಕೆ. ಕೇರಳದ ಕೊಲ್ಲಂ ತೀರದಲ್ಲಿ 1990ರ ದಶಕದಿಂದ ಬೇಬಿಲೋನಿಯಾ ಎಂಬ ಬಸವನಹುಳುವನ್ನು ರಫ್ತಿಗಾಗಿ ಹಿಡಿಯುತ್ತಿದ್ದಾರೆ. ಇಂತಹ ಕಡೆ ಮಾಂಸ ಸಂಸ್ಕರಣೆಯಲ್ಲಿ ಉಳಿಯುವ ಭಾಗಗಳನ್ನು ಕಚ್ಚಾ ಸಾಮಗ್ರಿಯಾಗಿ ಪಡೆದರೆ ವೆಚ್ಚವೂ ಇಳಿಯುತ್ತದೆ, ಸಾರಕ್ಕೆಂದೇ ಜೀವಿಗಳನ್ನು ಹಿಡಿಯುವ ಒತ್ತಡವೂ ತಪ್ಪುತ್ತದೆ. ಭಾರಲೋಹದ ಪರೀಕ್ಷೆ ಮಾತ್ರ ಇಲ್ಲಿ ಇನ್ನೂ ಮುಖ್ಯ.

4. ಅನುದಾನದ ಸಂಶೋಧನೆ. ತಮ್ಮದೇ ಹೊಸ ಕಲ್ಪನೆಯಿದ್ದರೆ ಸಾಲದ ಹಣದಿಂದ ಸಂಶೋಧನೆ ಮಾಡಬಾರದು. ಕೇಂದ್ರ ಸರ್ಕಾರದ ಬಿರಾಕ್ ಸಂಸ್ಥೆಯ ಬಯೋಟೆಕ್ನಾಲಜಿ ಇಗ್ನಿಷನ್ ಅನುದಾನ ಯೋಜನೆಯಡಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಸಿ-ಕ್ಯಾಂಪ್ ಇದರ ಪಾಲುದಾರ ಸಂಸ್ಥೆಗಳಲ್ಲೊಂದು. ಪ್ರಯೋಗ ವಿಫಲವಾದರೂ ಮನೆ ಉಳಿಯುತ್ತದೆ.

ಪ್ರಸ್ತಾವ ತಂದವರನ್ನು ಕೇಳಬೇಕಾದ ಪ್ರಶ್ನೆಗಳು ಇಷ್ಟು: ಜಾತಿಯ ವೈಜ್ಞಾನಿಕ ಹೆಸರೇನು? ಅದು ಸಂರಕ್ಷಿತ ಪಟ್ಟಿಯಲ್ಲಿದೆಯೇ? ಒಂದು ಕಿಲೋ ಸಾರಕ್ಕೆ ಎಷ್ಟು ಕಿಲೋ ಜೀವಿ ಬೇಕು? ಪುರಾವೆ ಜೀವಕೋಶದ್ದೋ, ಇಲಿಯದ್ದೋ, ಮನುಷ್ಯರದ್ದೋ? ಆಹಾರವೆಂದು ಮಾರುವುದೋ, ಔಷಧವೆಂದೋ, ಅದಕ್ಕೆ ಅನುಮತಿ ಯಾರ ಹೆಸರಿನಲ್ಲಿದೆ? ಮರುಖರೀದಿಯ ಭರವಸೆಗೆ ಬ್ಯಾಂಕ್ ಖಾತರಿಯುಂಟೇ? ಇವುಗಳಲ್ಲಿ ಯಾವುದೇ ಒಂದಕ್ಕೆ ಲಿಖಿತ ಉತ್ತರ ಬಾರದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಕಡಲ ಬಸವನಹುಳುವಿನಲ್ಲಿ ಉರಿಯೂತವನ್ನು ಶಮನಗೊಳಿಸುವ ಗುಣವಿರಬಹುದೆಂದು ವಿಜ್ಞಾನ ಹೇಳುತ್ತಿದೆ. ಆ ‘ಇರಬಹುದು’ ಎಂಬುದನ್ನು ‘ಇದೆ’ ಎಂದು ಮಾಡುವುದು ವಿಜ್ಞಾನಿಗಳ ಕೆಲಸ. ಅದಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ ನಮ್ಮ ಉದ್ದಿಮೆದಾರರು ಯಂತ್ರಗಳನ್ನು ಸುಸ್ಥಿತಿಯಲ್ಲಿಟ್ಟು, ಗುಣಮಟ್ಟದ ದಾಖಲೆಗಳನ್ನು ಕ್ರಮಬದ್ಧಗೊಳಿಸಿ, ಕೈಯಲ್ಲಿರುವ ಅರಿಶಿನ ಶುಂಠಿಗಳಲ್ಲಿ ಒಳ್ಳೆಯ ಹೆಸರು ಗಳಿಸಿಕೊಳ್ಳಲಿ. ನಾಳೆ ಸಮುದ್ರದ ಸಾರಕ್ಕೆ ನಿಜವಾದ ಬೇಡಿಕೆ ಹುಟ್ಟಿದಾಗ ಕಂಪನಿಗಳು ಹುಡುಕಿಕೊಂಡು ಬರುವುದು ಇಂತಹ ಘಟಕಗಳನ್ನೇ.